ಬೇಟೆಗಾರ ಸತ್ತ, ಕಾಡು ಉಳಿಯಿತೇ?

ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ಕಾಡುಪ್ರಾಣಿಗಳ ರಕ್ಷಣೆಯ ಮಾತೆತ್ತಿದರೆ ವೀರಪ್ಪನ್ ಹೆಸರು ಬಂದೇ ಬರುತ್ತದೆ. ಆನೆಗಳನ್ನು ಕೊಂದವನು ಅವನು, 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪಾರಪಟ್ಟಿಯ ಬಳಿ ಅವನು ಸತ್ತ ಮೇಲೆ ಕಾಡಿಗೆ ನೆಮ್ಮದಿ ಬಂತು ಎಂಬುದು ಬಸ್ ನಿಲ್ದಾಣದ ಹೋಟೆಲಿನಿಂದ ವಿಧಾನಸೌಧದವರೆಗೆ ಎಲ್ಲರೂ ಒಪ್ಪಿಕೊಂಡ ಕಥೆ. ಆಫ್ರಿಕಾದ ವಿಷಯದಲ್ಲೂ ನಾವು ಕೇಳುತ್ತ ಬಂದಿರುವುದು ಇದೇ ಬಗೆಯದು. ದಂತಕ್ಕಾಗಿ ಮುಖ ಕೊಚ್ಚಿದ ಆನೆ, ಕೊಂಬು ಕಳೆದುಕೊಂಡ ಘೇಂಡಾಮೃಗ, ಬಂದೂಕು ಹಿಡಿದ ಕಳ್ಳ, ಅವನೆದುರು ಬಂದೂಕು ಹಿಡಿದ ಕಾವಲುಗಾರ. ಈ ಚಿತ್ರಗಳಿಂದ ಕಟ್ಟಿಕೊಂಡ ನಂಬಿಕೆಯಲ್ಲಿ ಮೂರು ಮಾತುಗಳಿವೆ. ಪ್ರಾಣಿಗಳ ಶತ್ರು ಬೇಟೆಗಾರ. ಅವನಿಗೆ ಮದ್ದು ಬಂದೂಕು. ಕಾಡಿನಲ್ಲೂ ಕಾಡಂಚಿನಲ್ಲೂ ಬದುಕುವ ಜನ ಅವನಿಗೆ ಒತ್ತಾಸೆಯಾಗುವವರು, ಆದ್ದರಿಂದ ಅವರನ್ನು ಎಷ್ಟು ದೂರ ಇಟ್ಟರೆ ಅಷ್ಟು ಒಳ್ಳೆಯದು.

ಈ ಮೂರು ಮಾತುಗಳಲ್ಲಿ ಮೊದಲನೆಯದು ಅರ್ಧ ನಿಜ, ಎರಡನೆಯದು ಕಾಲು ನಿಜ, ಮೂರನೆಯದು ಸುಳ್ಳು. ಸತ್ತೇಗಾಲದಿಂದ ಮಲೆ ಮಹದೇಶ್ವರ ಬೆಟ್ಟದವರೆಗಿನ ಈ ನೆಲದಲ್ಲಿ ಆನೆ, ಹುಲಿಗಳ ಹಣೆಬರಹ ತೀರ್ಮಾನವಾಗುವುದು ಕಾಡಂಚಿನ ಹೊಲದಲ್ಲಿ, ದನದ ದೊಡ್ಡಿಯಲ್ಲಿ, ಆನೆ ದಾಟುವ ಕಿರಿದಾದ ದಾರಿಯಲ್ಲಿ ಮತ್ತು ಅಣೆಕಟ್ಟಿನ ನಕ್ಷೆಯಲ್ಲಿ. ಕಳ್ಳಬೇಟೆಯ ಕಥೆಯೊಂದನ್ನೇ ಹೇಳಿಕೊಳ್ಳುತ್ತ ನಾವು ಈ ನಾಲ್ಕನ್ನೂ ಮರೆತಿದ್ದೇವೆ.

ಮೊದಲು, ಆ ಕಥೆಯಲ್ಲಿರುವ ನಿಜಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆಫ್ರಿಕಾದ ಆನೆಗಳಲ್ಲಿ ಗಂಡು, ಹೆಣ್ಣು ಎರಡಕ್ಕೂ ದಂತವಿರುತ್ತದೆ. ನಮ್ಮಲ್ಲಿ ದಂತ ಬೆಳೆಯುವುದು ಗಂಡಿಗೆ ಮಾತ್ರ. ಹಾಗಾಗಿ ಅಲ್ಲಿ ಕಳ್ಳಬೇಟೆ ಹಿಂಡು ಹಿಂಡನ್ನೇ ಮುಗಿಸಿತು. 1979ರ ಸುಮಾರಿಗೆ 13 ಲಕ್ಷದಷ್ಟಿದ್ದ ಆನೆಗಳು ಹತ್ತು ವರ್ಷಗಳಲ್ಲಿ 6 ಲಕ್ಷದಷ್ಟಕ್ಕೆ ಇಳಿದವೆಂದು ಅಂದಾಜು. ಇಲ್ಲಿ ಹಿಂಡು ಉಳಿಯಿತು, ಆದರೆ ಅದರೊಳಗಿನ ಬೆಳೆದ ಗಂಡುಗಳು ಇಲ್ಲವಾದವು. ಒಟ್ಟು ಎಣಿಕೆಯಲ್ಲಿ ಈ ಗಾಯ ಕಾಣುವುದಿಲ್ಲ, ಮುಂದಿನ ತಲೆಮಾರಿನಲ್ಲಿ ಕಾಣುತ್ತದೆ. ಅದನ್ನು ತಡೆಯಲು ಹೋದವರು ಪ್ರಾಣ ತೆತ್ತದ್ದೂ ನಿಜ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್, 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ ಸಿಕ್ಕ 22 ಮಂದಿ. ಇವರ ಸಾವನ್ನು ಹಗುರ ಮಾಡುವ ಯಾವ ವಾದವೂ ನನಗೆ ಬೇಡ.

ಆದರೆ ಇದೇ ಇತಿಹಾಸವನ್ನು ಇನ್ನೊಮ್ಮೆ ಓದಬೇಕು. ವೀರಪ್ಪನ್ ದಂತವನ್ನು ತಾನೇ ಇಟ್ಟುಕೊಳ್ಳಲಿಲ್ಲ, ಮಾರಿದ. ಕೊಳ್ಳುವವರಿದ್ದರು, ಸಾಗಿಸುವವರಿದ್ದರು, ಕೆತ್ತುವವರಿದ್ದರು, ಆ ಕೆತ್ತನೆಯನ್ನು ಗಾಜಿನ ಕಪಾಟಿನಲ್ಲಿಡುವ ಮನೆಗಳಿದ್ದವು. ಏಷ್ಯಾದ ಆನೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1975ರಲ್ಲಿ ತಡೆ ಬಿತ್ತು. 1977ರಲ್ಲಿ ಆನೆ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದ ಸೇರಿತು. ಭಾರತದ ದಂತದ ಒಳವ್ಯಾಪಾರ ನಿಂತದ್ದು 1986ರಲ್ಲಿ. ಆಮೇಲೂ ಆಫ್ರಿಕಾದ ದಂತ ಇಲ್ಲಿಗೆ ಬರುತ್ತಿತ್ತು. ಅದರ ವ್ಯಾಪಾರಕ್ಕೂ ಕಾಯ್ದೆ ಬೀಗ ಹಾಕಿದ್ದು 1991ರ ತಿದ್ದುಪಡಿಯಲ್ಲಿ. ಅಂದರೆ ನಮ್ಮ ಮಲೆಗಳಲ್ಲಿ ಗಂಡಾನೆಗಳು ಉರುಳುತ್ತಿದ್ದ ವರ್ಷಗಳ ಬಹುಪಾಲು ದೇಶದಲ್ಲಿ ದಂತದ ಅಂಗಡಿಗಳು ಕಾನೂನಿನ ನೆರಳಲ್ಲೇ ತೆರೆದಿದ್ದವು. ಗೋಪಿನಾಥಂನಲ್ಲಿ ಹುಟ್ಟಿದವನ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಅವನ ಸರಕು ಕೊಂಡವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಬೇಟೆಯೊಂದನ್ನೇ ನೋಡಿದರೂ ಬಂದೂಕು ಅದರ ಕಟ್ಟಕಡೆಯ ಕೊಂಡಿ, ಮೊದಲ ಕೊಂಡಿ ಬೇಡಿಕೆ.

ಇನ್ನು ಬಂದೂಕಿನ ಮದ್ದು. ವೀರಪ್ಪನ್‌ನನ್ನು ಹಿಡಿಯುವ ಕಾರ್ಯಾಚರಣೆಯ ಬೆಲೆಯನ್ನು ಬೆಟ್ಟದ ಹಳ್ಳಿಗಳು ತೆತ್ತಿವೆ. ವಿಶೇಷ ಕಾರ್ಯಪಡೆಯ ಕೈಯಲ್ಲಿ ಅಮಾಯಕರು ಅನುಭವಿಸಿದ್ದನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಲು ಹೇಳಿತು. ಹೀಗೆ ಒಂದು ತಲೆಮಾರು ಖಾಕಿ ಬಟ್ಟೆಗೆ ಹೆದರುತ್ತ ಬೆಳೆಯಿತು. ಅರಣ್ಯ ಇಲಾಖೆಯ ಬಟ್ಟೆಯೂ ಖಾಕಿಯೇ. ಇದಕ್ಕೆ ಎದುರಾದ ದಾರಿಯನ್ನು ಅದೇ ಕಾಲದಲ್ಲಿ ಶ್ರೀನಿವಾಸ್ ತೋರಿಸಿದ್ದರು. ಗೋಪಿನಾಥಂನಲ್ಲೇ ಬೀಡುಬಿಟ್ಟು ಜನರಿಗೆ ಔಷಧಿಯ ಏರ್ಪಾಡು ಮಾಡಿದರು, ಊರಿನ ಮಾರಿಯಮ್ಮನ ಗುಡಿ ಕಟ್ಟಲು ನೆರವಾದರು. ಅವರು ಕೊಲೆಯಾದರು ಎಂಬುದನ್ನೇ ಹಿಡಿದು ಆ ದಾರಿ ಸೋತಿತು ಎನ್ನುವವರಿದ್ದಾರೆ. ಗೋಪಿನಾಥಂನ ಜನ ಇಂದಿಗೂ ಅವರನ್ನು ಭಕ್ತಿಯಿಂದ ನೆನೆಯುತ್ತಾರೆ. ಕಾಡು ಕಾಯಲು ಬಂದ ಬೇರೆ ಯಾವ ಅಧಿಕಾರಿಗೆ ಈ ಸೀಮೆಯಲ್ಲಿ ಅಂಥ ಸ್ಥಾನ ಸಿಕ್ಕಿದೆ?

ಆಫ್ರಿಕಾದಿಂದ ಪಾಠ ಕಲಿಯುವುದಾದರೆ ಪೂರ್ತಿ ಪಾಠ ಕಲಿಯೋಣ. ಕೀನ್ಯಾ 1977ರಲ್ಲಿ ಬೇಟೆಯನ್ನು ಪೂರಾ ನಿಷೇಧಿಸಿತು. 1989ರ ಜುಲೈನಲ್ಲಿ ಅಧ್ಯಕ್ಷ ಮೊಯಿ 12 ಟನ್ ದಂತಕ್ಕೆ ಬೆಂಕಿಯಿಟ್ಟರು, ಜಗತ್ತು ಚಪ್ಪಾಳೆ ತಟ್ಟಿತು. ಬೇಟೆಯ ವಿರುದ್ಧ ಅಷ್ಟು ಗಟ್ಟಿಯಾಗಿ ನಿಂತ ದೇಶಗಳು ಕಡಿಮೆ. ಆದರೂ 1977ರಿಂದ 2016ರ ನಡುವೆ ಅಲ್ಲಿನ ಹುಲ್ಲುಗಾವಲುಗಳ ದೊಡ್ಡ ಪ್ರಾಣಿಗಳ ಸಂಖ್ಯೆ ಸರಾಸರಿ ಶೇ 68ರಷ್ಟು ಕುಸಿಯಿತೆಂದು ಜೋಸೆಫ್ ಒಗುಟು ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಹೆಚ್ಚಿದ ಜಾನುವಾರು, ಹೊಲವಾದ ಹುಲ್ಲುಗಾವಲು, ಪ್ರಾಣಿಗಳ ದಾರಿಗೆ ಅಡ್ಡಬಿದ್ದ ಬೇಲಿ ಅವರು ಹೇಳುವ ಕಾರಣಗಳಲ್ಲಿ ದೊಡ್ಡವು. ಪ್ರಾಣಿಯಿಂದ ನೆಲದೊಡೆಯನಿಗೆ ಕವಡೆ ಕಾಸು ಹುಟ್ಟದ ಕಡೆ ಅವನು ಪ್ರಾಣಿಯ ಜಾಗಕ್ಕೆ ದನವನ್ನು ತಂದ. ಈಚಿನ ಎರಡು ದಶಕಗಳಲ್ಲಿ ಮಸಾಯಿ ಮಾರಾ ಸುತ್ತ ಭೂಮಾಲೀಕರಿಗೆ ತಿಂಗಳು ತಿಂಗಳೂ ಬಾಡಿಗೆ ಕೊಟ್ಟು ನೆಲವನ್ನು ಪ್ರಾಣಿಗಳಿಗೆ ತೆರೆದಿಡುವ ಏರ್ಪಾಡು ಬೆಳೆದದ್ದು ಈ ಪೆಟ್ಟಿನಿಂದ ಕಲಿತ ಮೇಲೆ. ಬೇಟೆ ನಿಂತರೆ ಸಾಕು ಎಂಬ ನಂಬಿಕೆಗೆ ಕೀನ್ಯಾ ಕೊಟ್ಟ ಉತ್ತರ ಇದು.

ಅದೇ ಉತ್ತರ 2025ರ ಜೂನ್ ಕೊನೆಯಲ್ಲಿ ನಮ್ಮಲ್ಲೂ ಬಂತು. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿ ಸತ್ತು ಬಿದ್ದಿದ್ದವು. ಚರ್ಮಕ್ಕೆ, ಉಗುರಿಗೆ ಯಾರೂ ಕೈ ಹಾಕಿರಲಿಲ್ಲ. ಹುಲಿ ಹಸುವನ್ನು ಕೊಂದಿತ್ತು, ಸಿಟ್ಟಿಗೆದ್ದವರು ಆ ಹಸುವಿನ ದೇಹಕ್ಕೆ ವಿಷ ಹಾಕಿದರು ಎಂಬುದು ತನಿಖೆಯಿಂದ ಹೊರಬಂದ ಸಂಗತಿ. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಮಲೆಯಲ್ಲಿ ಇದು ನಡೆಯಿತೆಂದು ನಾಡೆಲ್ಲ ಮರುಗಿತು. ವಿಷ ಹಾಕಿದ್ದು ಅಪರಾಧ, ಶಿಕ್ಷೆ ಆಗಲೇಬೇಕು. ಆದರೆ ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ಬಯಲಾಯಿತು. ಆ ಕಾಡಿನಲ್ಲಿ ಗಸ್ತು ತಿರುಗಬೇಕಾದ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ. ಕಳ್ಳಬೇಟೆ ತಡೆ ಶಿಬಿರದಲ್ಲಿ ರಾತ್ರಿ ಕಳೆಯುವ ವಾಚರ್ ಈ ಹಳ್ಳಿಗಳ ಹುಡುಗನೇ. ಯಾರ ಹಸು ಹೋಯಿತು, ಯಾರ ಹೊಟ್ಟೆಯಲ್ಲಿ ಬೆಂಕಿಯಿದೆ ಎಂಬುದು ಮೊದಲು ಗೊತ್ತಾಗುವುದು ಅವನಿಗೆ. ಅವನ ಮನೆಯ ಒಲೆ ಆರಿಸಿಟ್ಟು ಹುಲಿ ಉಳಿಸುತ್ತೇವೆ ಎಂದರೆ ನಂಬುವವರು ಯಾರು?

ಆ ಸಾವಿನ ನಂತರ ಕಾಡಿನೊಳಗೆ ದನ ಮೇಯಿಸುವುದನ್ನು ನಿಷೇಧಿಸುವ ಮಾತು ಸರ್ಕಾರದಿಂದ ಬಂತು, ಬೆಟ್ಟದ ಹಳ್ಳಿಗಳು ಸಿಡಿದೆದ್ದವು. ಇಲ್ಲಿ ಎರಡೂ ಕಡೆಯವರಿಗೆ ಕಹಿಯಾದ ಮಾತು ಹೇಳಬೇಕಾಗಿದೆ. ಮಿತಿಮೀರಿದ ಮೇಯಿಸುವಿಕೆ ಕಾಡನ್ನು ತಿನ್ನುತ್ತದೆ. ಜಿಂಕೆ, ಕಡವೆ, ಕಾಟಿಗೆ ಹುಲ್ಲಿಲ್ಲದಂತೆ ಮಾಡುತ್ತದೆ, ಅವು ಕಡಿಮೆಯಾದಾಗ ಹುಲಿ ದನಕ್ಕೇ ಬರುತ್ತದೆ. ಗಡಿಯಾಚೆಯಿಂದ ಮಂದೆ ಮಂದೆ ದನ ತಂದು ಕಾಡಿನಲ್ಲಿ ಬಿಡುವ ವ್ಯವಹಾರವನ್ನು ಬಡವರ ಹಕ್ಕು ಎಂದು ಕರೆಯಲಾಗದು. ಆದರೆ ನಾಲ್ಕು ಹಸು ಕಟ್ಟಿಕೊಂಡು ಬದುಕುವ ಮನೆಗೂ ಆ ವ್ಯವಹಾರಕ್ಕೂ ಒಂದೇ ಆಜ್ಞೆ ಹೊರಡಿಸುವುದು ಅನ್ಯಾಯ, ಅದು ನಡೆಯುವುದೂ ಇಲ್ಲ. ದನ ಕಾಡಿಗೆ ಹೋಗುವುದರ ಹಿಂದೆ ದೂರದ ಮಾರುಕಟ್ಟೆಗಳೂ ಇರುತ್ತವೆ. ಪಕ್ಕದ ಬಂಡೀಪುರದ ಅಂಚಿನಲ್ಲಿ ಎಂ.ಡಿ. ಮಧುಸೂದನ್ ನಡೆಸಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ಜಗತ್ತಿನ ಕಾಫಿ ಬೆಲೆ ಏರಿದಾಗ ತೋಟಗಳಿಗೆ ಸಗಣಿ ಗೊಬ್ಬರ ಬೇಕಾಯಿತು, ಗೊಬ್ಬರಕ್ಕೆ ಬೆಲೆ ಬಂದಾಗ ಕಾಡಂಚಿನಲ್ಲಿ ದನ ಸಾಕುವುದು ಲಾಭವಾಯಿತು. ಬ್ರೆಜಿಲಿನಲ್ಲಿ ಕಾಫಿ ಬೆಳೆ ಕೆಟ್ಟರೆ ಬಂಡೀಪುರದ ಹುಲ್ಲು ಸವೆಯುತ್ತದೆ. ಇಂಥ ಸರಪಳಿಯನ್ನು ಮರೆತು ದನಗಾಹಿಯೊಬ್ಬನನ್ನು ಬೇಟೆಗಾರನ ಸಾಲಿನಲ್ಲಿ ನಿಲ್ಲಿಸಿದರೆ ದನವೂ ನಿಲ್ಲುವುದಿಲ್ಲ, ಹುಲಿಯೂ ಉಳಿಯುವುದಿಲ್ಲ. ಮಾಡಬೇಕಾದ್ದು ಸತ್ತ ಹಸುವಿಗೆ ಮಾರುಕಟ್ಟೆಯ ಬೆಲೆಯನ್ನು ವಾರದೊಳಗೆ ಕೊಡುವುದು, ಮನೆಯ ಹತ್ತಿರ ಮೇವು ಬೆಳೆಸಲು ನೆರವಾಗುವುದು, ಹೊರಗಿನ ಮಂದೆಗಳನ್ನು ಮುಲಾಜಿಲ್ಲದೆ ತಡೆಯುವುದು. ಕಚೇರಿಗೆ ಅಲೆದು ಚಪ್ಪಲಿ ಸವೆಸಿದವನಿಗೆ ಕೊನೆಗೆ ಸಿಗುವ ಹಣ ಅವನ ಸಿಟ್ಟನ್ನು ಇಳಿಸುವುದಿಲ್ಲ.

ಹೊಲದ ಲೆಕ್ಕವೂ ಹೀಗೆಯೇ. 1980ರ ದಶಕದ ಆರಂಭದಲ್ಲಿ ಬಿಳಿಗಿರಿ ಮತ್ತು ಸತ್ಯಮಂಗಲದ ಸೀಮೆಯಲ್ಲಿ ಆನೆಗಳ ಹಿಂದೆ ನಡೆದ ವಿಜ್ಞಾನಿ ರಾಮನ್ ಸುಕುಮಾರ್, ಬೆಳೆಗೆ ನುಗ್ಗುವುದರಲ್ಲಿ ಬೆಳೆದ ಗಂಡಾನೆಗಳು ಹೆಣ್ಣಾನೆಗಳ ಹಿಂಡಿಗಿಂತ ಬಹಳ ಮುಂದೆ ಎಂದು ಕಂಡರು. ಕಾಡಿನ ಹುಲ್ಲಿಗಿಂತ ರಾಗಿ ತೆನೆಯಲ್ಲಿ ಸತ್ವ ಹೆಚ್ಚು, ಅದಕ್ಕಾಗಿ ಗಂಡಾನೆ ಅಪಾಯಕ್ಕೂ ಇಳಿಯುತ್ತದೆ. ಇದರ ಅರ್ಥವನ್ನು ನಾವು ಪೂರ್ತಿ ಗ್ರಹಿಸಿಲ್ಲ. ಬೇಟೆಗಾರ ಹುಡುಕುತ್ತಿದ್ದ ದಂತದ ಆನೆಯೇ ರೈತನ ರಾಗಿ ಹೊಲಕ್ಕೆ ಬರುವ ಆನೆ. ಕಳ್ಳಬೇಟೆಯಿಂದ ನಾವು ಉಳಿಸಿಕೊಂಡ ಪ್ರತಿಯೊಂದು ಗಂಡಾನೆಯ ಖರ್ಚನ್ನು ಹನೂರು, ಲೊಕ್ಕನಹಳ್ಳಿ, ರಾಮಾಪುರ ಸುತ್ತಿನ ಯಾವುದೋ ರೈತ ಭರಿಸುತ್ತಾನೆ. 2023ರ ಗಣತಿಯಲ್ಲಿ ರಾಜ್ಯದಲ್ಲಿ 6,395 ಆನೆಗಳಿವೆ ಎಂದು ನಾವು ದೇಶಕ್ಕೇ ಮೊದಲಿಗರಾಗಿ ಬೀಗಿದೆವು. ಆ ಹೆಮ್ಮೆ ನಾಡಿನದು, ಅದರ ಕಂದಾಯ ಕಟ್ಟುವವನು ಅಟ್ಟಣೆಯ ಮೇಲೆ ಚಳಿಯಲ್ಲಿ ಕೂತು ರಾತ್ರಿ ಕಾಯುವವನು. ಅವನು ಒಂದು ದಿನ ಬೇಲಿಗೆ ನೇರ ವಿದ್ಯುತ್ ಕೊಟ್ಟರೆ ದಂತಕಳ್ಳ ಮಾಡುತ್ತಿದ್ದ ಕೆಲಸವೇ ಆಗಿಹೋಗುತ್ತದೆ.

ಈಗ ಮೂರನೆಯ ಮಾತಿಗೆ ಬರೋಣ, ಜನ ಹೊರಗಿದ್ದರೆ ಕಾಡು ಉಳಿಯುತ್ತದೆ ಎಂಬುದಕ್ಕೆ. ಇದನ್ನು ಪರೀಕ್ಷಿಸಲು ಬಿಳಿಗಿರಿರಂಗನ ಬೆಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ. 1974ರಲ್ಲಿ ಅಲ್ಲಿ ವನ್ಯಧಾಮವಾದ ಮೇಲೆ ಬೆಟ್ಟದ ಆದಿವಾಸಿಗಳಾದ ಸೋಲಿಗರು ಹಾಕುತ್ತಿದ್ದ ತರಗು ಬೆಂಕಿ ನಿಂತಿತು. ಬೇಸಿಗೆಯ ಮೊದಲಲ್ಲಿ ಒಣ ತರಗನ್ನು ಸುಟ್ಟು ದೊಡ್ಡ ಬೆಂಕಿಯನ್ನು ತಪ್ಪಿಸುವ, ಕಳೆಯನ್ನು ಹದ್ದಿನಲ್ಲಿಡುವ ಪದ್ಧತಿ ಅದು. ಅದು ನಿಂತದ್ದರಿಂದಲೇ ಲಂಟಾನ ಹಬ್ಬಿತು ಎನ್ನುತ್ತಾರೆ ಸೋಲಿಗ ಹಿರಿಯರು. ವಿಜ್ಞಾನಿಗಳು ಇನ್ನೂ ಹಲವು ಕಾರಣಗಳನ್ನು ತೂಗುತ್ತಾರೆ. ಹಬ್ಬಿದ್ದರ ಬಗ್ಗೆ ಮಾತ್ರ ತಕರಾರಿಲ್ಲ. ಏಟ್ರೀ ಸಂಸ್ಥೆಯ ಸಂಶೋಧಕರು ಅಳೆದ ತಾಕುಗಳಲ್ಲಿ 1997ರಲ್ಲಿ ಶೇ 41ರಲ್ಲಿ ಲಂಟಾನವಿತ್ತು, 2008ರ ಹೊತ್ತಿಗೆ ಶೇ 81ರಲ್ಲಿ. ಲಂಟಾನದ ಪೊದೆಯಡಿ ಹುಲ್ಲು ಏಳುವುದಿಲ್ಲ, ನೆಲ್ಲಿಯ ಸಸಿ ಮೇಲೆ ಬರುವುದಿಲ್ಲ. ಒಂದು ಮರ ಕಡಿಯದೆ, ಒಂದು ಗುಂಡು ಹಾರಿಸದೆ ಆನೆ, ಜಿಂಕೆಗಳ ಮೇವಿನ ನೆಲ ಕಣ್ಣೆದುರೇ ಹೋಯಿತು. ಕಳ್ಳಬೇಟೆ ತಡೆ ಪಡೆ ಇದನ್ನು ತಡೆಯಬಲ್ಲದೇ?

2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಹಕ್ಕು ಕೊಟ್ಟರೆ ಕಾಡು ಕರಗಿಹೋಗುತ್ತದೆ ಎಂದು ಹೆದರಿಸಿದವರಿದ್ದರು. 2010ರಲ್ಲಿ 35 ಎಂದು ಅಂದಾಜಿಸಿದ್ದ ಹುಲಿಗಳು 2014ರ ಅಂದಾಜಿನಲ್ಲಿ 68 ಆದವು. ಹಕ್ಕುಪತ್ರದಿಂದಲೇ ಹುಲಿ ಹೆಚ್ಚಿದವು ಎನ್ನುವುದು ಅತಿಯಾದೀತು, ಗಸ್ತು ಬಿಗಿಯಾದದ್ದೂ ಕಾರಣವಿರಬೇಕು. ಆದರೆ ಹಕ್ಕು ಬಂದರೆ ಹುಲಿ ಹೋಗುತ್ತದೆ ಎಂಬ ಬೆದರಿಕೆ ಸುಳ್ಳಾದದ್ದಕ್ಕೆ ಇಷ್ಟು ಸಾಕು. ಇತ್ತ ಮಹದೇಶ್ವರ ಬೆಟ್ಟದ ಕಡೆ ಬಂದರೆ ಚಿತ್ರ ಬೇರೆ. 2024ರ ಏಪ್ರಿಲ್ 26ರಂದು ಇಂಡಿಗನತ್ತದಲ್ಲಿ ರಸ್ತೆ, ನೀರು, ಕರೆಂಟು ಇಲ್ಲವೆಂಬ ಸಿಟ್ಟು ಮತಗಟ್ಟೆಯನ್ನೇ ಒಡೆಯುವ ಮಟ್ಟಕ್ಕೆ ಹೋಯಿತು, ಮೂರು ದಿನದ ಮೇಲೆ ಮರುಮತದಾನ ನಡೆಸಬೇಕಾಯಿತು. ವನ್ಯಧಾಮ ಎಂಬ ಹೆಸರು ಆ ಊರುಗಳಿಗೆ ಬರೀ ‘ಇಲ್ಲ’ ಎನ್ನುವ ಕಾನೂನಾಗಿ ಮುಟ್ಟಿದೆ. ಹಾಗೆ ಮುಟ್ಟಿದ ಕಡೆ ಹುಲಿ ಸಂರಕ್ಷಿತ ಪ್ರದೇಶ ಮಾಡುತ್ತೇವೆ ಎಂದರೆ ವಿರೋಧ ಬರದೆ ಇನ್ನೇನು ಬಂದೀತು?

ಇಷ್ಟು ಜನರ ಮಾತಾಯಿತು. ಇನ್ನು ನೆಲದ ಮಾತು. ಆನೆಗೆ ಕಾಡು ಎಷ್ಟು ದೊಡ್ಡದು ಎಂಬುದಕ್ಕಿಂತ ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟಲು ದಾರಿಯಿದೆಯೇ ಎಂಬುದು ಮುಖ್ಯ. ಬಿಳಿಗಿರಿಯನ್ನೂ ಮಹದೇಶ್ವರ ಬೆಟ್ಟದ ಕಡೆಯ ಕಾಡನ್ನೂ ಜೋಡಿಸುವ ಎಡೆಯಾರಳ್ಳಿ–ದೊಡ್ಡಸಂಪಿಗೆ ದಾರಿ ಹೊಲಗಳ ನಡುವೆ ಸೊರಗುತ್ತಿತ್ತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಹೊಲವನ್ನು ರೈತರಿಂದ ಬೆಲೆಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಯಾರನ್ನೂ ಒಕ್ಕಲೆಬ್ಬಿಸದೆ, ಯಾರ ಮೇಲೂ ಕೇಸು ಹಾಕದೆ ಎರಡು ದೊಡ್ಡ ಕಾಡುಗಳ ನಡುವಿನ ಬಾಗಿಲು ತೆರೆದೇ ಉಳಿಯಿತು. ನಮ್ಮ ಸೀಮೆಯಲ್ಲಿ ವನ್ಯಜೀವಿಗಾಗಿ ಆದ ಅತ್ಯಂತ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಇದರ ಬಗ್ಗೆ ಸಿನಿಮಾ ಬಂದಿಲ್ಲ, ಬರುವುದೂ ಇಲ್ಲ. ವೀರಪ್ಪನ್ ಬಗ್ಗೆ ಇನ್ನೂ ಬರುತ್ತಲೇ ಇವೆ.

ಆ 25 ಎಕರೆಯನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದರಲ್ಲಿ ಮೇಕೆದಾಟು ಯೋಜನೆಯನ್ನು ಇಟ್ಟು ನೋಡಿ. 67.16 ಟಿಎಂಸಿ ನೀರು ನಿಲ್ಲಿಸುವ ಈ ಅಣೆಕಟ್ಟಿಗೆ ಯೋಜನೆಯ ವರದಿಯ ಪ್ರಕಾರವೇ ಮುಳುಗುವುದು ಕಾವೇರಿ ವನ್ಯಧಾಮದ 3,181.9 ಹೆಕ್ಟೇರ್ ಮತ್ತು ಮೀಸಲು ಅರಣ್ಯದ 1,869.5 ಹೆಕ್ಟೇರ್. ಎರಡೂ ಸೇರಿ 12 ಸಾವಿರ ಎಕರೆಗೂ ಮೇಲೆ. ಅದು ಎಲ್ಲೋ ಮೂಲೆಯ ಕುರುಚಲಲ್ಲ, ನದಿಯ ಇಕ್ಕೆಲದ ತಂಪು ಕಣಿವೆ. ಸುತ್ತಲ ಒಣಕಾಡು ಬೇಸಿಗೆಯಲ್ಲಿ ಬರಡಾದಾಗ ಆನೆ ಹಿಂಡುಗಳು ನೀರಿಗೆ ಇಳಿಯುವ ಜಾಗ. ಹೊಳೆಮತ್ತಿಯ ಹಳೆಯ ಮರಗಳ ಮೇಲೆ ಕರ್ನಾಟಕದ ಬೇರೆಲ್ಲೂ ಕಾಣದ ಬೂದುಬಣ್ಣದ ದೊಡ್ಡ ಅಳಿಲು, ಮಡುಗಳಲ್ಲಿ ನೀರುನಾಯಿ, ಮೊಸಳೆ, ಅಳಿವಿನ ಅಂಚಿನಲ್ಲಿರುವ ಬಿಳಿಮೀನು. 2022ರ ಜನವರಿಯಲ್ಲಿ ಈ ಅಣೆಕಟ್ಟಿಗಾಗಿ ಪಾದಯಾತ್ರೆ ನಡೆಯಿತು. ಅಣೆಕಟ್ಟು ಬೇಕೆನ್ನುವುದರಲ್ಲಿ ನಮ್ಮ ದೊಡ್ಡ ಪಕ್ಷಗಳೆಲ್ಲ ಒಂದೇ. ಐದು ಹುಲಿಗಳ ಸಾವಿಗೆ ಮರುಗಿದವರೂ ಐದು ಸಾವಿರ ಹೆಕ್ಟೇರ್ ಕಾಡಿನ ಮುಳುಗಡೆಗೆ ಹಸಿರು ನಿಶಾನೆ ಬೇಡುವವರೂ ಒಬ್ಬರೇ ಆಗಿರುವಾಗ, ಕಳ್ಳಬೇಟೆಯ ವಿರುದ್ಧದ ಅವರ ಮಾತಿಗೆ ಎಷ್ಟು ತೂಕ ಕೊಡೋಣ?

ಬೆಂಗಳೂರಿಗೆ ನೀರು ಬೇಡವೇ ಎಂದು ಕೇಳುತ್ತಾರೆ. ಬೇಕು. ಸತ್ತೇಗಾಲದ ಜನ ಈ ಪ್ರಶ್ನೆಯನ್ನು ಬಲ್ಲರು. ಕಾವೇರಿ ಕವಲೊಡೆದು ಶಿವನಸಮುದ್ರದ ನಡುಗಡ್ಡೆಯನ್ನು ಬಳಸಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುವ ಈ ತಾವು ನೂರು ವರ್ಷಗಳಿಂದಲೂ ದೂರದವರಿಗೆ ಕೊಡುತ್ತಲೇ ಬಂದಿದೆ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. 1970ರ ದಶಕದಿಂದ ಬೆಂಗಳೂರಿನ ನಲ್ಲಿಗಳಿಗೆ ಕಾವೇರಿ ಏರುತ್ತಿರುವುದು ಶಿವನಸಮುದ್ರದ ಈ ಮಗ್ಗುಲಿನಿಂದಲೇ. ಕೊಡುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಕೊಡುವವರಿಗೆ ಒಂದು ಮಾತು ಕೇಳುವ ಹಕ್ಕಿದೆ. ಸೋರುವ ಕೊಳವೆ, ಕೊಳೆತ ಕೆರೆ, ಹರಿದುಹೋಗುವ ಮಳೆನೀರು ಇವನ್ನೆಲ್ಲ ಹಾಗೆಯೇ ಬಿಟ್ಟು, ಮೊದಲ ಪರಿಹಾರವಾಗಿ ವನ್ಯಧಾಮದ ಹೊಟ್ಟೆಯನ್ನೇ ಕೇಳುವುದು ಯಾವ ನ್ಯಾಯ?

ಕಳ್ಳಬೇಟೆಯನ್ನು ಖಂಡಿಸಲು ಧೈರ್ಯ ಬೇಕಿಲ್ಲ. ಅದರ ಪರ ವೇದಿಕೆಯಲ್ಲಿ ಮಾತಾಡುವವರು ಯಾರೂ ಇಲ್ಲ. ಆ ಕಾವಲು ಮುಂದುವರಿಯಲಿ, ಉರುಳು ಹಾಕುವವನೂ ಸಿಡಿಮದ್ದು ಇಡುವವನೂ ಜೈಲಿಗೆ ಹೋಗಲಿ. ಅದರ ಜೊತೆಗೆ, ಇನ್ನು ಮುಂದೆ ಮಂತ್ರಿಯಾಗಲಿ ಶಾಸಕರಾಗಲಿ ಅಧಿಕಾರಿಯಾಗಲಿ ಕೊಳ್ಳೇಗಾಲಕ್ಕೆ ಬಂದು ವನ್ಯಜೀವಿ ಉಳಿಸುತ್ತೇವೆ ಎಂದಾಗ ನಾವು ನಾಲ್ಕು ಪ್ರಶ್ನೆ ಕೇಳೋಣ. ವಾಚರ್‌ಗಳಿಗೆ ಈ ತಿಂಗಳ ಸಂಬಳ ಆಗಿದೆಯೇ? ಹುಲಿ ಕೊಂದ ಹಸುವಿಗೆ, ಆನೆ ತುಳಿದ ರಾಗಿಗೆ ಎಷ್ಟು ದಿನದಲ್ಲಿ ಎಷ್ಟು ದುಡ್ಡು ಕೊಟ್ಟಿದ್ದೀರಿ? ಎಡೆಯಾರಳ್ಳಿಯ ಹಾಗೆ ಇನ್ನು ಯಾವ ಆನೆದಾರಿಯನ್ನು ಬೆಲೆಕೊಟ್ಟು ಕೊಂಡಿದ್ದೀರಿ, ಯಾವ ಪೋಡಿನ ಸೋಲಿಗರ ಕೈಗೆ ಲಂಟಾನ ತೆಗೆಯುವ ಕೆಲಸವನ್ನೂ ಅಧಿಕಾರವನ್ನೂ ಕೊಟ್ಟಿದ್ದೀರಿ? ಕಾವೇರಿ ವನ್ಯಧಾಮ ಮುಳುಗುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಇಲ್ಲವೇ?

ನಾಲ್ಕಕ್ಕೂ ನೇರ ಉತ್ತರ ಕೊಡುವವರು ಆನೆ, ಹುಲಿಗಳ ನಿಜವಾದ ಪರ. ಉತ್ತರ ಕೊಡದವರು ಇಪ್ಪತ್ತು ವರ್ಷಗಳ ಹಿಂದೆ ಸತ್ತ ಬೇಟೆಗಾರನ ಹೆಸರನ್ನು ಮುಂದೆ ಹಿಡಿದು ತಮ್ಮ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ, ಮತ ಕೇಳಲು ಬಂದಾಗ ಅದನ್ನು ಅವರಿಗೆ ಹೇಳಬೇಕಾದವರು ಈ ಹೊಳೆಯ ದಂಡೆಯ, ಈ ಕಾಡಿನ ಅಂಚಿನ ನಾವೇ.